ಗುಳ್ಳೆ ನಿಂತ ಮಾತ್ರಕ್ಕೆ ಬಾಟಲಿ ತುಂಬಬೇಡಿ

(ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಕನ್ನಡಿಗರ ಗುಂಪು. ಉತ್ತರಿಸುವವರು ಸಣ್ಣ ಬ್ರೂವರಿಯೊಂದರಲ್ಲಿ ಬಿಯರ್ ತಯಾರಿಸುವವರು.)

ಡಲ್ಲಾಸ್: ಮೇಡಂ, ನಾಲ್ಕು ಲೀಟರಿನ ಮೊದಲ ಬ್ಯಾಚ್. ಐದನೆಯ ದಿನಕ್ಕೆ ಏರ್‌ಲಾಕ್‌ನಲ್ಲಿ (ಪಾತ್ರೆಯ ಅನಿಲವನ್ನು ಹೊರಬಿಡುವ ನಳಿಕೆ) ಗುಳ್ಳೆ ನಿಂತಿದೆ. ಬಾಟಲಿಗೆ ತುಂಬಬಹುದೇ?

ಬ್ರೂವರ್: ಗುಳ್ಳೆ ನೋಡಿ ತುಂಬಬೇಡಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ, ಮೂರು ದಿನ ಬಿಟ್ಟು ಮತ್ತೆ ಇಳಿಸಿ. ಯೀಸ್ಟ್ ಸಕ್ಕರೆ ತಿಂದಷ್ಟೂ ಅಂಕಿ ಇಳಿಯುತ್ತದೆ. ಎರಡೂ ಸಲ ಒಂದೇ ಅಂಕಿ, ಅದೂ ನಿರೀಕ್ಷಿಸಿದಷ್ಟು ಕೆಳಗೆ ಬಂದಿದ್ದರೆ ಬಾಟಲಿಯಲ್ಲಿ ಅನಿಲ ಹುಟ್ಟಲು ಲೀಟರಿಗೆ ಆರು ಗ್ರಾಂ ಸಕ್ಕರೆ ಬೆರೆಸಿ ತುಂಬಿ.

ಫೀನಿಕ್ಸ್: ನನ್ನ ಬಿಯರಿಗೆ ಔಷಧಿಯ ವಾಸನೆ. ನಲ್ಲಿ ನೀರನ್ನೇ ಬಳಸಿದ್ದೆ.

ಬ್ರೂವರ್: ನೀರು ಶುದ್ಧೀಕರಿಸಲು ಹಾಕುವ ಕ್ಲೋರಮೈನ್ ಇರಬಹುದು. ಕುದಿಸಿದರೆ ಅದು ಸುಲಭವಾಗಿ ಹೋಗುವುದಿಲ್ಲ. ಅದನ್ನು ತೆಗೆಯಲು 75 ಲೀಟರ್ ನೀರಿಗೆ ಒಂದು ಕ್ಯಾಂಪ್ಡೆನ್ (ಸಲ್ಫೈಟ್) ಮಾತ್ರೆ ಸಾಕು.

ಕೊಲಂಬಸ್: ನನ್ನದು ಹೈಡ್ರೋಮೀಟರಿನಲ್ಲಿ 1.052ರಿಂದ ಆರಂಭವಾಗಿತ್ತು. ಏಳನೆಯ ದಿನ ಗುಳ್ಳೆ ಕಾಣಲಿಲ್ಲ. 1.024 ಇದ್ದಾಗಲೇ ಸಕ್ಕರೆ ಬೆರೆಸಿ ಹನ್ನೆರಡು ಗಾಜಿನ ಬಾಟಲಿಗಳಿಗೆ ತುಂಬಿದೆ. ಮಗನ ಕೋಣೆಯ ಕಪಾಟಿನಲ್ಲಿಟ್ಟು ಹತ್ತು ದಿನವಾಯಿತು. ನಿನ್ನೆ ರಾತ್ರಿ ಒಂದು ಒಡೆದಿದೆ. ಗಾಜಿನ ದೋಷವೇ?

ಅಟ್ಲಾಂಟಾ: ನನಗೂ ಗುಳ್ಳೆ ನಿಂತಿದೆ. ತುಂಬಲೇ?

ಬ್ರೂವರ್: ಅಟ್ಲಾಂಟಾ, ಮೇಲೆ ಓದಿ.

ಕೊಲಂಬಸ್, ಮೊದಲು ಮಗನನ್ನು ಆ ಕೋಣೆಯಿಂದ ಹೊರಗೆ ಕರೆತನ್ನಿ, ಆಮೇಲೆ ಇದನ್ನು ಓದಿ. ಗಾಜಿನ ದೋಷವಲ್ಲ. ನಿಮ್ಮ ಬಿಯರ್ 1.012ರ ಆಸುಪಾಸಿಗೆ ಇಳಿಯಬೇಕಿತ್ತು. ಯೀಸ್ಟ್ ಸತ್ತಿರಲಿಲ್ಲ, ಬಹುಶಃ ಚಳಿಗೆ ಮುದುಡಿತ್ತು. ಕಪಾಟಿನ ಬೆಚ್ಚನೆಯಲ್ಲಿ ಎದ್ದು ಉಳಿದ ಸಕ್ಕರೆಯನ್ನು ತಿನ್ನುತ್ತಿದೆ. ಒಂದೊಂದು ಅಂಶ (0.001) ಇಳಿದಾಗಲೂ ಬಿಯರಿನ ಗಾತ್ರದ ಸುಮಾರು ಅರ್ಧದಷ್ಟು ಅನಿಲ ಹುಟ್ಟುತ್ತದೆ. ಹನ್ನೆರಡು ಅಂಶಕ್ಕೆ ಆರು ಪಟ್ಟು. ಅಂಗಡಿಯ ಬಿಯರಿನಲ್ಲಿರುವುದು ಎರಡೂವರೆ ಪಟ್ಟು. ನೀವು ಬೆರೆಸಿದ ಸಕ್ಕರೆ ಇದರ ಮೇಲೆ.

ಕೋಣೆಯ ಹೀಟರ್ ಆರಿಸಿ, ಕಿಟಕಿ ತೆರೆದು ತಣ್ಣಗಾಗಲು ಬಿಡಿ. ದಪ್ಪ ಜಾಕೆಟ್, ಚರ್ಮದ ಕೈಗವಸು, ಕಣ್ಣಿಗೆ ರಕ್ಷಣೆ ಇಲ್ಲದೆ ಕಪಾಟು ತೆರೆಯಬೇಡಿ. ಒದ್ದೆ ಟವೆಲ್ ಹೊದಿಸಿ ಒಂದೊಂದನ್ನೇ ಗಟ್ಟಿ ಐಸ್‌ಬಾಕ್ಸಿಗೆ ಇಳಿಸಿ, ಮುಚ್ಚಿ, ಫ್ರಿಜ್ಜಿನ ಹತ್ತಿರಕ್ಕೆ ಒಯ್ಯಿರಿ. ಫ್ರಿಜ್ಜಿನಲ್ಲಿ ಇಡೀ ದಿನ ಇರಲಿ. ಆಮೇಲೆ ಸಿಂಕಿನಲ್ಲಿ, ಟವೆಲ್ಲಿನ ಅಡಿಯಲ್ಲಿ ಮುಚ್ಚಳವನ್ನು ಸ್ವಲ್ಪವೇ ಎತ್ತಿ, ಬಿಟ್ಟು, ಮತ್ತೆ ಎತ್ತಿ. ಎಲ್ಲವನ್ನೂ ಚೆಲ್ಲಿಬಿಡಿ. ನಾನು ಕೆಲಸಕ್ಕೆ ಸೇರಿದ ವರ್ಷ ಸಿಡಿದ ಬಾಟಲಿಯ ಕುತ್ತಿಗೆ ಎದುರಿನ ಗೋಡೆಯೊಳಗೆ ಎರಡಂಗುಲ ನೆಟ್ಟಿತ್ತು.

ಸ್ಯಾನ್ ಹೋಸೆ: ಫಾರ್ವರ್ಡ್ ಬಂದದ್ದು: ಬಾಟಲಿಗಳನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಮುಳುಗಿಸಿದರೆ ಯೀಸ್ಟ್ ಸತ್ತು ಸಿಡಿಯುವುದು ನಿಲ್ಲುತ್ತದೆ.

ಬ್ರೂವರ್: ಬೇಡವೇ ಬೇಡ! ಬಿಸಿಯಾದಷ್ಟೂ ಒತ್ತಡ ಏರುತ್ತದೆ, ಪಾತ್ರೆಯ ಮೇಲೆ ಬಾಗಿರುವುದು ನಿಮ್ಮದೇ ಮುಖ. ಯಾರದೋ ಕಣ್ಣು ಹೋಗುವಂಥ ಮಾತನ್ನು ಓದಿ ನೋಡದೆ ಕಳಿಸಬೇಡಿ.

ಸಿಯಾಟಲ್: ಮೊಳಕೆ ರಾಗಿಯ ಮಾಲ್ಟ್ ಶೇಕಡಾ 40 ಬೆರೆಸಿದೆ. ರಾಗಿಗೆ ಬಾರ್ಲಿಯಂತೆ ಹೊಟ್ಟು ಇಲ್ಲದ್ದರಿಂದ ಸೋಸುವಾಗ ಅಂಬಲಿಯಂತೆ ಕಟ್ಟಿಕೊಂಡಿತು. ಏನು ಮಾಡಲಿ?

ಬೆಂಗಳೂರು: ನಾನು ಇಲ್ಲಿ ಮನೆಯಲ್ಲಿ ಮಾಡಬಹುದೇ?

ಬ್ರೂವರ್: ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ.

ಬೆಂಗಳೂರು: ಕೊಡಗಿನಲ್ಲಿ ಮನೆಮನೆಯಲ್ಲೂ ವೈನ್ ಮಾಡುತ್ತಾರಲ್ಲ?

ಹ್ಯೂಸ್ಟನ್: ನಮ್ಮ ಊರನ್ನು ಎಳೆತರಬೇಡಿ. ಅಜ್ಜಿ ಹಬ್ಬಕ್ಕೆ ಮಾಡುವ ವೈನಿಗೂ ನಿಮ್ಮ ಬಿಯರಿಗೂ ಏನು ಸಂಬಂಧ?

ಬೆಂಗಳೂರು: ಕಾನೂನಿಗೆ ಅಜ್ಜಿ ಯಾರು, ಮೊಮ್ಮಗ ಯಾರು?

ಹ್ಯೂಸ್ಟನ್: ಅಜ್ಜಿಯ ಮಾತು ತೆಗೆದವರು ಕ್ಷಮೆ ಕೇಳಲಿ.

ಡೆನ್ವರ್: ಇಲ್ಲೂ 1978ಕ್ಕೆ ಮೊದಲು ಮನೆಯ ಬಿಯರ್ ಕಾನೂನುಬಾಹಿರವೇ ಆಗಿತ್ತು. ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೆ ದಾರಿಯಾಯಿತು. ಈಗಲೂ ಇಬ್ಬರು ವಯಸ್ಕರ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ.

ಹ್ಯೂಸ್ಟನ್: ನಿಮ್ಮನ್ನು ಯಾರು ಕೇಳಿದರು?

ಡಲ್ಲಾಸ್: ಹೈಡ್ರೋಮೀಟರ್ ಇಲ್ಲ. ಗುಳ್ಳೆ ಮಾತ್ರ ನೋಡಿ ಹೇಳಲಾಗದೇ?

ಬ್ರೂವರ್: ಆಗದು. ಕೊಂಡು ತನ್ನಿ.

ಸಿಯಾಟಲ್: ಮೇಡಂ, ರಾಗಿ?

ಬ್ರೂವರ್: ಜಗಳ ಬೇರೆ ಕಡೆ ಮಾಡಿಕೊಳ್ಳಿ. ಕೊಲಂಬಸ್, ಎಲ್ಲಿದ್ದೀರಿ?

ಕೊಲಂಬಸ್: ಹತ್ತು ಬಾಟಲಿ ಫ್ರಿಜ್ ಸೇರಿವೆ. ಒಂದು ಐಸ್‌ಬಾಕ್ಸಿನಲ್ಲೇ ಒಡೆಯಿತು, ಮುಚ್ಚಳ ಹಾಕಿದ್ದೆ. ಮಗ ನಮ್ಮ ಕೋಣೆಯಲ್ಲಿದ್ದಾನೆ.

ಬ್ರೂವರ್: ನಾಳೆ ಸಂಜೆಯವರೆಗೆ ಫ್ರಿಜ್ ತೆರೆಯಬೇಡಿ. ಅವನ ಹೊದಿಕೆಯನ್ನು ಕೊಡವಬೇಡಿ, ವ್ಯಾಕ್ಯೂಮ್ ಮಾಡಿ. ಚಪ್ಪಲಿಯೊಳಗೂ ನೋಡಿ.