ಸಹಾಯ ಬೇಕು: ಥಂಡರ್‌ಬರ್ಡ್‌ನಲ್ಲಿ ಹೊಸ ಮೇಲ್ ಬಂದರೂ ಸದ್ದೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ, ಅದರ ಲೆಕ್ಕಪತ್ರ ನಾನೇ ನೋಡಿಕೊಳ್ಳುತ್ತೇನೆ. ವಿಂಡೋಸ್ 11 ಕಂಪ್ಯೂಟರ್, ಮೇಲ್‌ಗೆ ಥಂಡರ್‌ಬರ್ಡ್, ಖಾತೆ ಐಮ್ಯಾಪ್‌ನದು (ಮೇಲ್‌ಗಳು ಸರ್ವರ್‌ನಲ್ಲೇ ಉಳಿಯುವ ಬಗೆ).

ಕಾಫಿ ಕೊಳ್ಳುವವರು ಬೆಳಿಗ್ಗೆ ಪಾರ್ಚ್‌ಮೆಂಟ್‌ನ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) 50 ಕೆಜಿ ಮೂಟೆಯ ರೇಟು ಕಳಿಸುತ್ತಾರೆ. ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಮೊನ್ನೆ ಮೇಲ್ ಬಂದಿದ್ದು 9.40ಕ್ಕೆ, ನಾನು ನೋಡಿದ್ದು ಸಂಜೆ. ಅಷ್ಟರಲ್ಲಿ ಒಳ್ಳೆ ರೇಟು ಕೈತಪ್ಪಿತ್ತು. ಅಪ್ಪ ಏನೂ ಅನ್ನಲಿಲ್ಲ, ಸುಮ್ನೆ ಎದ್ದು ಕಣದ ಕಡೆ ಹೋದರು. ಅದೇ ಜಾಸ್ತಿ ಬೇಜಾರಾಯಿತು.

ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಅಲರ್ಟ್, ಸೌಂಡ್ ಎರಡಕ್ಕೂ ಟಿಕ್ ಹಾಕಿದ್ದೇನೆ. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಮೇಲ್ ಇದೆಯಾ ನೋಡುವುದು 10 ನಿಮಿಷಕ್ಕೊಮ್ಮೆ ಅಂತ ಇದ್ದದ್ದನ್ನು 2 ಮಾಡಿದೆ. ಮೇಲ್ ಬಂದ ತಕ್ಷಣ ಸರ್ವರೇ ತಿಳಿಸುವ ಆಯ್ಕೆಯೂ ಆನ್ ಇದೆ. ವಿಂಡೋಸ್‌ನ ಡು ನಾಟ್ ಡಿಸ್ಟರ್ಬ್ ಆಫ್ ಆಗಿದೆ.

ಇನ್‌ಬಾಕ್ಸ್‌ಗೆ ಬಂದರೆ ಟಿಣ್ ಅನ್ನುತ್ತದೆ, ಮೂಲೆಯಲ್ಲಿ ಚೌಕವೂ ಬರುತ್ತದೆ. ಆದರೆ ರೇಟಿನ ಮೇಲ್‌ಗಳು ವೆಬ್‌ಮೇಲ್‌ನಲ್ಲಿ ಹಾಕಿದ ಫಿಲ್ಟರ್‌ನಿಂದ ನೇರ 'ರೇಟು' ಫೋಲ್ಡರ್‌ಗೆ ಹೋಗುತ್ತವೆ. ತೊಂದರೆ ಅಲ್ಲೇ ಇರಬೇಕು, ಅಲ್ವಾ? ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ, ಹೊಸ ಮೇಲ್ ತರುವಾಗ ಈ ಫೋಲ್ಡರನ್ನೂ ನೋಡು ಅನ್ನುವ ಟಿಕ್ ಇದೆ. ಅದನ್ನು ಹಾಕಿದರೆ ಸಾಕಾ? ಇಲ್ಲಾ ಫಿಲ್ಟರನ್ನೇ ತೆಗೆದು ಥಂಡರ್‌ಬರ್ಡ್‌ನ ಒಳಗೆ ಮಾಡಿಕೊಳ್ಳಲಾ?

ಇನ್ನೊಂದು ವಿಷಯ. ಕರೆಂಟ್ ಹೋಗಿ ಬಂದ ಮೇಲೆ ಥಂಡರ್‌ಬರ್ಡ್ ತೆರೆಯಲು ಮರೆತುಬಿಡುತ್ತೇನೆ. ಕಂಪ್ಯೂಟರ್ ಜೊತೆಗೇ ಅದೂ ಶುರುವಾಗುವ ಹಾಗೆ ಮಾಡುವುದು ಹೇಗೆ? ಕೊಯ್ಲು ಮುಗಿಯುವುದರೊಳಗೆ ಸರಿ ಮಾಡಿಕೊಳ್ಳಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ, ಸ್ಕ್ರೀನ್‌ಶಾಟ್ ಬೇಕಿದ್ದರೆ ಹಾಕುತ್ತೇನೆ.