ಸಾಫ್ಟ್‌ಬಾಲ್: ಎಸೆತದ ‘ಸುಳಿವು ಹಿಡಿಯುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಸಾಫ್ಟ್‌ಬಾಲ್ ಕಲಿಯುತ್ತಿರುವ ಹೈಸ್ಕೂಲು ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಬ್ಯಾಟು, ಬೇಸು, ಕ್ಯಾಚರ್ ಎಲ್ಲ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇರುವ ಪದಗಳು. ತೊಡಕು ಒಂದೇ ಕಡೆ. ಪಿಚರ್, ಅಂದರೆ ಚೆಂಡು ಎಸೆಯುವವಳು, ಕೈಯಿಂದ ಚೆಂಡು ಬಿಟ್ಟ ಕೂಡಲೇ ಅದು ಯಾವ ಬಗೆಯದು ಅಂತ ಬ್ಯಾಟರ್ ಕಂಡುಕೊಳ್ಳಬೇಕಲ್ಲ, ಆ ಕೆಲಸಕ್ಕೆ ಏನನ್ನೋಣ?

ಎಸೆತಕ್ಕೆ ಇಂಗ್ಲಿಷಿನಲ್ಲಿರುವ ‘ಪಿಚ್’ ಪದವನ್ನು ಮೊದಲೇ ಕೈಬಿಟ್ಟೆ. ನಮ್ಮಲ್ಲಿ ಪಿಚ್ ಅಂದರೆ ಕ್ರಿಕೆಟ್ಟಿನ ನೆಲ. ‘ಪಿಚ್ ನೋಡಮ್ಮಾ’ ಅಂದರೆ ಹೊಸ ಹುಡುಗಿ ನೆಲ ನೋಡುತ್ತಾಳೆ. ‘ಎಸೆತ’ ಸಾಕು.

‘ಗುರುತಿಸು’ ತಪ್ಪಲ್ಲ. ಆದರೆ ಚೆಂಡು ಕ್ಯಾಚರ್ ಕೈ ಸೇರಿದ ಮೇಲೂ ಗುರುತಿಸಬಹುದು, ಅಲ್ವಾ? ಇಲ್ಲಿ ಬೇಗ ಅನ್ನುವುದೇ ಮುಖ್ಯ. ಮಹಿಳೆಯರ ಅಂತರರಾಷ್ಟ್ರೀಯ ಆಟದಲ್ಲಿ ಪಿಚರ್ ನಿಲ್ಲುವ ಜಾಗ 43 ಅಡಿ ದೂರ. ಚೆಂಡು ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಬಂದರೆ ಬ್ಯಾಟರ್‌ಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಬ್ಯಾಟು ಬೀಸುವುದಕ್ಕೇ ಅದರಲ್ಲಿ ಒಂದು ಪಾಲು ಹೋಗುತ್ತದೆ. ಹಾಗಾಗಿ ‘ಜಾಡು ಹಿಡಿ’ ಕೂಡ ಒಗ್ಗಲಿಲ್ಲ. ಜಾಡು ಅಂದರೆ ಹೋದ ಮೇಲೆ ಉಳಿಯುವುದು. ‘ಮುಂಗಾಣು’ ಚೆಂದದ ಪದ, ಆದರೆ ಊಹೆಯ ಕಡೆಗೆ ವಾಲುತ್ತದೆ. ಊಹೆ ಮಾಡಿ ಬೀಸಬೇಡಿ ಅಂತಲೇ ನಾವು ಹೇಳಿಕೊಡುವುದು.

ಈಗ ಮನಸ್ಸು ‘ಸುಳಿವು’ ಮೇಲಿದೆ. ನಿಜವಾಗಿ ಕಣ್ಣಿಗೆ ಸಿಗುವುದು ಅದೇ. ಪಿಚರ್ ತೋಳನ್ನು ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಲ್ಲಿ ಚೆಂಡು ಬಿಡುತ್ತಾಳೆ. ಬ್ಯಾಟರ್‌ನ ಕಣ್ಣು ಅಲ್ಲೇ ನೆಟ್ಟಿರಬೇಕು, ಮುಖದ ಮೇಲಲ್ಲ. ಕೆಲವರು ನಿಧಾನದ ಚೆಂಡು (ಚೇಂಜಪ್) ಹಾಕುವಾಗ ಅಂಗೈ ಬದಲು ಕೈಯ ಹಿಂಬದಿ ನಮ್ಮ ಕಡೆ ತಿರುಗುತ್ತದೆ, ಗೆಣ್ಣು ಕಾಣುತ್ತದೆ. ತೋಳು ಮಾತ್ರ ಅದೇ ವೇಗದಲ್ಲಿ ಸುತ್ತಿರುತ್ತದೆ, ಮೋಸ ಇರುವುದೇ ಅಲ್ಲಿ. ಕೈ ಬಿಟ್ಟ ಮೇಲೆ ಹೊಲಿಗೆ ನೋಡಬೇಕು. ಹೊಲಿಗೆ ಕೆಳಮುಖವಾಗಿ ಉರುಳುತ್ತಿದ್ದರೆ ಡ್ರಾಪ್ (ಇಳಿಯುವ ಎಸೆತ), ಮೇಲ್ಮುಖವಾಗಿ ಉರುಳುತ್ತಿದ್ದರೆ ರೈಸ್ (ಏರುವ ಎಸೆತ). ಮೈಸೂರಿನವರೇ ಆದ ಕ್ರಿಕೆಟ್ ಸ್ಪಿನ್ನರ್ ಬಿ. ಎಸ್. ಚಂದ್ರಶೇಖರ್ ಅವರ ಗೂಗ್ಲಿ ಎದುರಿಸಿದವರೂ ಮಣಿಕಟ್ಟಿನಲ್ಲಿ ಹುಡುಕುತ್ತಿದ್ದದ್ದು ಇಂಥದ್ದೇ ಸುಳಿವನ್ನು. ಕ್ರಿಕೆಟ್ ಬರಹಗಳಲ್ಲಿ ಇದಕ್ಕೆ ‘ಓದು’ ಅನ್ನುವುದುಂಟು. ನನಗೇಕೋ ಅದು ಇಂಗ್ಲಿಷಿನಿಂದ ನೇರ ಎತ್ತಿಟ್ಟಂತೆ ಕೇಳಿಸುತ್ತದೆ.

ಎಸೆತಗಳ ಹೆಸರಿಗೆ ‘ಏರುಚೆಂಡು’, ‘ಇಳಿಚೆಂಡು’ ಅಂತ ಬರೆದಿದ್ದೇನೆ. ‘ಏರುಚೆಂಡು’ ಬಗ್ಗೆ ಸ್ವಲ್ಪ ಅನುಮಾನ. ಚೆಂಡು ಕೆಳಗಿನಿಂದ ಹೊರಡುವುದರಿಂದ ಮೇಲೇರುತ್ತಲೇ ಬರುತ್ತದೆ. ಅದರ ಹಿಮ್ಮುಖ ಸುತ್ತು ಮಾಡುವುದು ಇಷ್ಟೇ: ನಾವು ಎಣಿಸಿದಷ್ಟು ಅದನ್ನು ಇಳಿಯಗೊಡುವುದಿಲ್ಲ. ಆದರೂ ಬ್ಯಾಟು ಅದರ ಕೆಳಗೇ ಹಾದುಹೋಗುವುದರಿಂದ ಆಡುವವಳ ಕಣ್ಣಿಗೆ ಅದು ಏರುಚೆಂಡೇ. ಹೆಸರು ಇರಲಿ ಅನ್ನಿಸುತ್ತದೆ.

ಕೇಳಬೇಕಾದ್ದು ಎರಡು. ಒಂದು, ಮಂಡ್ಯ ಕಡೆ ಕಬಡ್ಡಿ ಆಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ರೈಡರ್ ಕಾಲು ಯಾವ ಕಡೆ ಚಾಚುತ್ತಾನೆ ಅಂತ ಮೊದಲೇ ಕಂಡುಕೊಳ್ಳುವುದಕ್ಕೆ ಅಂಗಳದಲ್ಲಿ ಏನಂತೀರಿ? ಅಲ್ಲಿ ಬಳಕೆಯಲ್ಲಿರುವ ಪದ ಇದ್ದರೆ ‘ಸುಳಿವು ಹಿಡಿ’ ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ. ಇನ್ನೊಂದು, ಚೇಂಜಪ್‌ಗೆ ‘ನಿಧಾನದ ಚೆಂಡು’ ಅಂದರೆ ಮೋಸದ ಭಾಗ ತಪ್ಪಿಹೋಗುತ್ತದೆ. ‘ತಡೆಚೆಂಡು’ ಅಂದರೆ ಹೇಗೆ?