ಗ್ಯಾರೇಜ್ ಅಣ್ಣನ್ನ ಕೇಳಿ: ಘಾಟಿ, ಹೆದ್ದಾರಿ, ಲಡಾಖ್

ಅಡ್ಮಿನ್: ದೂರದ ಪ್ರಯಾಣಕ್ಕೆ ಹೊರಡೋರ ಗಾಡಿ ಪ್ರಶ್ನೆಗಳಿಗೆ ಇವತ್ತು ರಾತ್ರಿ 7ರಿಂದ 10ರವರೆಗೆ ಗ್ಯಾರೇಜ್ ಅಣ್ಣ ಉತ್ತರ ಕೊಡ್ತಾರೆ. ಮಾಡೆಲ್, ವರ್ಷ, ಓಡಿರೋ ಕಿ.ಮೀ., ಹೋಗೋ ದಾರಿ ನಾಲ್ಕೂ ಬರೀರಿ. ಫಾರ್ವರ್ಡ್ ಹಾಕ್ಬೇಡಿ.

ತುಮಕೂರು ಟರ್ಬೊ: ನಮಸ್ಕಾರ ಸರ್. 2019ರ ಪೆಟ್ರೋಲ್ ಕಾರು, 61,000 ಕಿ.ಮೀ. ಮುಂದಿನ ವಾರ ಎನ್‌ಎಚ್ 44 ಹಿಡಿದು ನಾಗ್ಪುರಕ್ಕೆ. ಬಿಸಿಲಿಗೆ ಟೈರ್ ಸಿಡಿಯುತ್ತೆ, ಗಾಳಿ 5 ಪಿಎಸ್‌ಐ ಕಡಿಮೆ ಇಡಿ ಅಂತ ಮೆಸೇಜ್ ಬಂದಿದೆ. ಎಷ್ಟಿಡಬೇಕು?

ಗ್ಯಾರೇಜ್ ಅಣ್ಣ: ಉಲ್ಟಾ. ಟೈರ್ ಸಿಡಿಯೋದೇ ಗಾಳಿ ಕಡಿಮೆ ಇದ್ದಾಗ. ಸೈಡ್‌ವಾಲ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಒಳಗಡೆ ಕಾಯುತ್ತೆ, ದಾರ ಸಡಿಲವಾಗಿ ಹರಿಯುತ್ತೆ. ಡ್ರೈವರ್ ಡೋರ್ ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕರ್ ಇದೆ. ಅದರಲ್ಲಿ ಫುಲ್ ಲೋಡ್ ಅಂತ ಬೇರೆ ಅಂಕಿ ಇದ್ರೆ ಅದನ್ನೇ ಹಿಡೀರಿ. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟೈರ್ ತಣ್ಣಗಿರುವಾಗ ನೋಡ್ಬೇಕು. ಓಡಿದ ಮೇಲೆ 4–5 ಏರುತ್ತೆ, ಕಂಪನಿಯವರು ಅದನ್ನ ಲೆಕ್ಕ ಹಾಕೇ ಬರೆದಿರೋದು. ಬಿಸಿ ಟೈರಿಂದ ಗಾಳಿ ಬಿಡ್ಬೇಡಿ. ಸೈಡಲ್ಲಿ ಡಾಟ್ ಅಂತಿರೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದ್ರೆ 2019ರ 23ನೇ ವಾರ. ಗಾಡಿ ಜೊತೆ ಬಂದ ಟೈರೇ ಇದ್ರೆ, ಬಟನ್ (ಮೇಲಿನ ಅಚ್ಚು) ಎಷ್ಟೇ ಉಳಿದಿರ್ಲಿ, ನಾಗ್ಪುರದ ಬಿಸಿಲಿಗೆ ಒಯ್ಯಬೇಡಿ. ಸ್ಟೆಪ್ನಿದೂ ನೋಡಿ.

ಹುಬ್ಬಳ್ಳಿ ಸವಾರ: ಅಣ್ಣಾರ, ಹಿಮಾಲಯನ್ 411 ಬೈಕ್, 2021ರದ್ದು, 34,000 ಓಡೇತಿ. ಆಗಸ್ಟ್‌ನ್ಯಾಗ ಶ್ರೀನಗರದ ಮ್ಯಾಲೆ ಲೇಹ್‌ಗೆ ಹೋಗಿ ಮನಾಲಿ ಕಡೆ ಇಳಿಯೋದು. ಬಿಡಿಭಾಗ ಏನೇನ್ ಕಟ್ಕೋಬೇಕ್ರಿ?

ಗ್ಯಾರೇಜ್ ಅಣ್ಣ: ದಾರಿ ಸರಿಯಾಗಿ ಆರಿಸಿದ್ದೀರಿ. ಶ್ರೀನಗರದ ಕಡೆಯಿಂದ ಎತ್ತರ ನಿಧಾನಕ್ಕೆ ಏರುತ್ತೆ, ಮೈಗೂ ಒಳ್ಳೇದು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹೊಸದು ತಗೊಂಡು ಈಗಿರೋದರ ಪಕ್ಕದಲ್ಲೇ ಎಳೆದು ಟ್ಯಾಗ್ ಹಾಕಿ ಕಟ್ಟಿಬಿಡಿ. ತುಂಡಾದ ದಿನ ಟ್ಯಾಂಕ್ ಬಿಚ್ಚೋ ಕೆಲಸ ಇರಲ್ಲ, ಎರಡು ತುದಿ ಬದಲಿಸಿದ್ರೆ ಮುಗೀತು. ನಿಮ್ದು ಟ್ಯೂಬ್ ಟೈರ್, ಮುಂದೆ 21 ಇಂಚು, ಹಿಂದೆ 17. ಜಾಗ ಇದ್ರೆ ಎರಡೂ ಟ್ಯೂಬ್. ಇಲ್ದಿದ್ರೆ 21ರದ್ದು ಒಂದು. ಅದನ್ನ ಹಿಂದಿನ ಚಕ್ರಕ್ಕೂ ಮಡಚಿ ತುರುಕಿ ಮುಂದಿನ ಊರು ಸೇರಬಹುದು. 17ರದ್ದನ್ನ 21ಕ್ಕೆ ಹಿಗ್ಗಿಸೋಕೆ ಆಗಲ್ಲ. ಟೈರ್ ಲಿವರ್ ಎರಡಲ್ಲ, ಮೂರು. ಪಂಪ್, ಪ್ಯಾಚ್, ಸೊಲ್ಯೂಷನ್ ಹೊಸ ಟ್ಯೂಬು, ಹಳೇದು ಒಣಗಿರುತ್ತೆ. ಚೈನ್ ಲಿಂಕ್ ಒಂದು, ಕ್ಲಚ್-ಬ್ರೇಕ್ ಲಿವರ್ ಒಂದು ಸೆಟ್, ಫ್ಯೂಸ್, ಸ್ಪಾರ್ಕ್ ಪ್ಲಗ್. ಎರಡೂ ಆಕ್ಸಲ್ ನಟ್‌ಗೆ ಕೂರೋ ಸ್ಪ್ಯಾನರ್ ಕಿಟ್‌ನಲ್ಲಿದೆಯಾ ಅಂತ ಮನೇಲೇ ಒಂದ್ಸಲ ಬಿಚ್ಚಿ ನೋಡಿ.

34,000ಕ್ಕೆ ಚೈನ್ ಸ್ಪ್ರಾಕೆಟ್ ಬದಲಿಸಿಲ್ಲ ಅಂದ್ರೆ ಸೆಟ್ಟೇ ಬದಲಿಸಿ, ಚೈನ್ ಒಂದೇ ಬೇಡ. ತೇದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದ್ರೆ ಅದೂ ಬೇಗ ಹೋಗುತ್ತೆ. ದಾರಿಯಲ್ಲಿ 500 ಕಿ.ಮೀ.ಗೊಮ್ಮೆ 90ರ ಗೇರ್ ಆಯಿಲ್, ಒಳಮಗ್ಗುಲಿಗೆ, ರಾತ್ರಿ ಗಾಡಿ ನಿಲ್ಲಿಸಿದ ತಕ್ಷಣ. ತೊಳೆಯೋಕೆ ಸೀಮೆಎಣ್ಣೆ ಅಥವಾ ಡೀಸೆಲ್. ಪೆಟ್ರೋಲ್ ಹಾಕಿದ್ರೆ ಓ-ರಿಂಗ್ ಒಣಗಿ ಬಿರುಕು ಬಿಡುತ್ತೆ.

ವಾಪಸ್ ಬರೋವಾಗ ಲೇಹ್‌ನಲ್ಲೇ ಟ್ಯಾಂಕ್ ತುಂಬಿಸಿ. ಲೇಹ್‌ಗೂ ಮನಾಲಿ ದಾರಿಯ ಟಾಂಡಿ ಬಂಕ್‌ಗೂ ನಡುವೆ 365 ಕಿ.ಮೀ. ನಿಮ್ಮ 15 ಲೀಟರ್ ಲೆಕ್ಕಕ್ಕೆ ಸಾಕು, ಆದ್ರೆ ಒಂದು ಎರಡನೇ ಗೇರಲ್ಲೇ ಹತ್ತೋವಾಗ ಮೈಲೇಜ್ ಲೆಕ್ಕದ ಹಾಗೆ ಬರಲ್ಲ. 5 ಲೀಟರ್ ಲೋಹದ ಕ್ಯಾನಲ್ಲಿ, ಮೇಲೆ ಸ್ವಲ್ಪ ಖಾಲಿ ಬಿಟ್ಟು. ನೀರಿನ ಬಾಟಲಿಯಲ್ಲಿ ಅಲ್ಲ.

ಹುಬ್ಬಳ್ಳಿ ಸವಾರ: ಭಾಳ ಚಲೋ ಹೇಳಿದ್ರಿ ಅಣ್ಣಾರ 🙏

ಕೋಲಾರ ಕಾರ್ನರ್: ಸರ್, ಟೈರ್ ಪ್ರೆಶರ್ ಎಷ್ಟಿಡಬೇಕು? ಸೆಡಾನ್.

ಗ್ಯಾರೇಜ್ ಅಣ್ಣ: ಮೇಲೆ ಬರೆದಿದ್ದೀನಿ. ಡೋರ್ ಸ್ಟಿಕರ್.

ಸೀನಿಯರ್ ರೈಡರ್: ಫಾರ್ವರ್ಡ್ ಆಗಿ ಬಂದಿದ್ದು. ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದ್ರೆ ಟ್ಯಾಂಕ್ ಸ್ಫೋಟ ಆಗುತ್ತೆ, ಅರ್ಧ ಮಾತ್ರ ಹಾಕಿಸಿ ಅಂತ ಇಂಡಿಯನ್ ಆಯಿಲ್ ಎಚ್ಚರಿಕೆ ಕೊಟ್ಟಿದೆ. ಎಲ್ಲರಿಗೂ ಕಳಿಸಿ.

ಗ್ಯಾರೇಜ್ ಅಣ್ಣ: ಯಾರಿಗೂ ಕಳಿಸಬೇಡಿ. ಅದು ಸುಳ್ಳು ಅಂತ ಅದೇ ಇಂಡಿಯನ್ ಆಯಿಲ್‌ನವರು ಹೇಳಿಯಾಗಿದೆ. ಪಂಪ್ ತಾನಾಗೇ ಕಟ್ ಆಗೋವರೆಗೆ ಹಾಕಿಸಿ, ಆಮೇಲೆ ಕುತ್ತಿಗೆವರೆಗೆ ತುಂಬಿಸಬೇಡಿ, ಅಷ್ಟೇ.

ಉಜಿರೆ ಡೀಸೆಲ್: ಅಣ್ಣ, 2016ರ ಡೀಸೆಲ್ ಹ್ಯಾಚ್‌ಬ್ಯಾಕ್, 92,000 ಆಗಿದೆ. ನಿನ್ನೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದೆವು. ಐದು ಜನ, ಕ್ಯಾರಿಯರಲ್ಲಿ ಲಗೇಜು. ಅರ್ಧ ಘಾಟಿ ದಾಟಿದ ಮೇಲೆ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಹೇಗೋ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದು. ಅರ್ಧ ಗಂಟೆ ಬಿಟ್ಟು ನೋಡಿದರೆ ಸರಿ ಉಂಟು, ಮನೆಗೂ ಬಂದೆವು. ಆದಿತ್ಯವಾರ ಕಿನ್ನೌರ್ ಮೇಲೆ ಸ್ಪಿತಿಗೆ ಹೊರಡುವುದು. ತೊಂದರೆ ಇಲ್ಲ ಅಲ್ವಾ?

ಗ್ಯಾರೇಜ್ ಅಣ್ಣ: ತೊಂದರೆ ಇದೆ. ಗಾಡಿ ಮನೆಯಿಂದ ಹೊರಗೆ ತೆಗೀಬೇಡಿ. ಮೂರಕ್ಕೆ ಉತ್ತರ ಕೊಡಿ. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲಲಿಲ್ವಾ, ಇಲ್ಲ ಪೆಡಲ್ಲೇ ಸ್ಪಂಜಿನ ಥರ ಇಳೀತಾ? ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು? ಬಾನೆಟ್ ಒಳಗೆ ಅದರ ಡಬ್ಬಿ ಮಟ್ಟ ಎಲ್ಲಿದೆ?

ಉಜಿರೆ ಡೀಸೆಲ್: ಸ್ಪಂಜೇ. ಆಯಿಲ್ ಬದಲಿಸಿದ್ದು ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ. ಮಟ್ಟ ಮಿನ್ ಗೆರೆಗಿಂತ ಸ್ವಲ್ಪ ಕೆಳಗೆ ಉಂಟು, ಬಣ್ಣ ಕಪ್ಪು ಚಾ.

ಗ್ಯಾರೇಜ್ ಅಣ್ಣ: ಪೂರ್ತಿ ಓದಿ, ನಿಮ್ಮ ಮೆಕ್ಯಾನಿಕ್‌ಗೂ ತೋರಿಸಿ.

ಪ್ಯಾಡ್ ಕಾದು ಹಿಡಿತ ಬಿಟ್ರೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ನಿಮ್ದು ಅದಲ್ಲ. ನಿಮ್ಮಲ್ಲಿ ಆಯಿಲ್ಲೇ ಕುದ್ದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ಆದ್ರೆ ಅದು ಗಾಳಿಯ ತೇವ ಹೀರುತ್ತೆ. ನೀರು ಸೇರಿದ ಆಯಿಲ್‌ಗೆ ಅದೇ ಮಿತಿ 155. ಡಾಟ್ 3 ಆದ್ರೆ 140. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು. ನಿಮ್ದು 2016ರಿಂದ ಕರಾವಳಿ ತೇವ ಕುಡಿದಿದೆ. ಕುದ್ದಾಗ ಪೈಪಲ್ಲಿ ಆವಿ ಗುಳ್ಳೆ. ದ್ರವ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ತುಳಿದಿದ್ದೆಲ್ಲ ಗುಳ್ಳೆ ಕುಗ್ಗಿಸೋಕೇ ಹೋಯ್ತು, ಚಕ್ರಕ್ಕೆ ಏನೂ ತಲುಪಲಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ ಆಗುತ್ತೆ, ಪೆಡಲ್ ಮೇಲೆ ಬರುತ್ತೆ. ಸರಿಯಾಯ್ತು ಅಂತ ಕಾಣೋದು ಅದಕ್ಕೇ. ಏನೂ ಸರಿಯಾಗಿಲ್ಲ. ಕಿನ್ನೌರ್ ರಸ್ತೆಯಲ್ಲಿ ಪೆಡಲ್ ಹೋದ್ರೆ ಪಕ್ಕದಲ್ಲಿರೋದು ಸಟ್ಲಜ್ ಕಮರಿ.

ನನಗೆ ಹೆಚ್ಚು ಚಿಂತೆ ಇರೋದು ಮಟ್ಟದ ಬಗ್ಗೆ. ಬ್ರೇಕ್ ಆಯಿಲ್ ಖರ್ಚಾಗೋ ವಸ್ತು ಅಲ್ಲ. ಮಟ್ಟ ಇಳಿದಿದೆ ಅಂದ್ರೆ ಒಂದೋ ಪ್ಯಾಡ್ ತೇದಿದೆ, ಇಲ್ಲ ಎಲ್ಲೋ ಸೋರ್ತಿದೆ. ಮೇಲೆ ಆಯಿಲ್ ಸುರಿದು ಮಟ್ಟ ಸರಿಮಾಡಿ ಕಳಿಸೋಕೆ ಬಿಡಬೇಡಿ. ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ, ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿ ನೋಡಿಸಿ. ಒಳಗೆ ಒದ್ದೆ ಇದ್ರೆ ಸಿಲಿಂಡರ್ ಹೋಗಿದೆ. ಮುಂದೆ ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಇದ್ರೆ ಬದಲಿಸಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತೆ, ಅಳೆಸಿ. ಕ್ಯಾಲಿಪರ್ ಪಿನ್ ಕೈಯಲ್ಲೇ ಜಾರಬೇಕು. ಜಾರದಿದ್ರೆ ಪ್ಯಾಡ್ ಯಾವಾಗಲೂ ಡಿಸ್ಕ್‌ಗೆ ಉಜ್ಜುತ್ತಾ ಕಾಯುತ್ತೆ, ಆಯಿಲ್ ಕುದಿಯೋಕೆ ಅದೂ ಕಾರಣ. ಪಿನ್‌ಗೆ ಸಿಲಿಕೋನ್ ಬ್ರೇಕ್ ಗ್ರೀಸ್, ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದಿ ಹಿಡ್ಕೊಳ್ಳುತ್ತೆ.

ಇಂಜಿನ್ ಆನ್ ಇಟ್ಟು ಪೆಡಲ್ ಅರ್ಧ ನಿಮಿಷ ಒತ್ತಿ ಹಿಡೀರಿ. ಮೆಲ್ಲಗೆ ಕೆಳಗೆ ಇಳೀತಾ ಹೋದ್ರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲ ಅಂದ್ರೆ, ಮಾಸ್ಟರ್ ಸಿಲಿಂಡರ್ ಒಳಗೆ ವಾಷರ್ ಹೋಗಿದೆ.

ಆಮೇಲೆ ಆಯಿಲ್. ಸೀಲ್ ಒಡೆಯದ ಡಾಟ್ 4, ಒಂದು ಲೀಟರ್ ತಗೊಳ್ಳಿ. ಗ್ಯಾರೇಜಲ್ಲಿ ತೆರೆದಿಟ್ಟ ಡಬ್ಬಿದು ಬೇಡ, ಅದೂ ತೇವ ಹೀರಿರುತ್ತೆ. ಡಾಟ್ 5 ಬೇರೆ ಜಾತಿ, ಸಿಲಿಕೋನ್, ಇದಕ್ಕೆ ಸೇರಲ್ಲ. ನಾಲ್ಕೂ ಚಕ್ರದಿಂದ ಹಳೇದು ಹೋಗಿ ತಿಳಿ ಆಯಿಲ್ ಬರೋವರೆಗೆ ಬ್ಲೀಡ್ ಮಾಡ್ಬೇಕು. ಯಾವ ಚಕ್ರ ಮೊದಲು ಅನ್ನೋದು ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ಎಬಿಎಸ್ ಇದ್ದು ಪೆಡಲ್ ಮತ್ತೆ ಮೆತ್ತಗೇ ಇದ್ರೆ ಎಬಿಎಸ್ ಯೂನಿಟ್ ಒಳಗೆ ಗಾಳಿ ಉಳಿದಿದೆ, ಸ್ಕ್ಯಾನರ್ ಇರೋ ಕಡೆ ಒಯ್ಯಿರಿ.

ಒಂದು ಕೇಳೋದು ಬಿಟ್ಟಿದ್ದೆ, ಯಾವ ಗೇರಲ್ಲಿ ಇಳಿದ್ರಿ?

ಉಜಿರೆ ಡೀಸೆಲ್: ಹೆಚ್ಚು ಕಡೆ ನ್ಯೂಟ್ರಲ್. ಡೀಸೆಲ್ ಉಳಿಯುತ್ತದೆ ಅಂತ.

ಗ್ಯಾರೇಜ್ ಅಣ್ಣ: ಅಲ್ಲೇ ಇದೆ ನೋಡಿ. ಹತ್ತೋವಾಗ ಯಾವ ಗೇರ್ ಬೇಕಾಗುತ್ತೋ ಇಳಿಯೋವಾಗಲೂ ಅದೇ. ಚಾರ್ಮಾಡಿಗೆ ಎರಡು, ಕೆಲವು ಕಡೆ ಮೂರು. ಬ್ರೇಕ್ ಮೇಲೆ ಸದಾ ಕಾಲಿಟ್ಟು ಸವರ್ತಾ ಇಳೀಬೇಡಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ.

ಲೋಡ್ ಲಾರಿ: ಅಣ್ಣ ಹೇಳಿದ್ದೆಲ್ಲ ಸರಿ, ಆದ್ರೆ ನ್ಯೂಟ್ರಲ್‌ನಲ್ಲಿ ಉಳಿಯೋದು ನಿಜ. ನಮ್ಮ ಕಡೆ ಎಲ್ಲರೂ ಹಾಗೇ ಇಳಿಸೋದು.

ಕುಡ್ಲ ಕ್ರೂಸರ್: ಎಲ್ಲರೂ ಇಳಿಸುವುದರಿಂದಲೇ ಘಾಟಿ ಬುಡದಲ್ಲಿ ಲಾರಿ ಮಗುಚಿ ಗಂಟೆಗಟ್ಟಲೆ ರಸ್ತೆ ಬಂದ್ ಆಗುವುದು ಮಾರಾಯ್ರೆ.

ಲೋಡ್ ಲಾರಿ: ಕಾರಲ್ಲಿ ಏಸಿ ಹಾಕ್ಕೊಂಡು ಕೂತವರು ಲಾರಿ ಬಗ್ಗೆ ಮಾತಾಡಬೇಡಿ. 40 ಲೀಟರಲ್ಲಿ 2 ಲೀಟರ್ ಉಳಿಸೋದು ಏನಂತ ಗೊತ್ತಾ?

ಕುಡ್ಲ ಕ್ರೂಸರ್: ಹಿಂದೆ ಬರುವವರ ಜೀವಕ್ಕೆ ಎಷ್ಟು ಲೀಟರ್ ಲೆಕ್ಕ?

ಬಿಎಸ್6 ಬಾಧಿತ: ಇಬ್ಬರೂ ಸುಮ್ನಿರಿ. ಅಣ್ಣ, ನನ್ನ ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಉರೀತಿದೆ, ಬೆಂಗಳೂರು ಸಿಟಿಯಲ್ಲೇ ಓಡಿಸೋದು. ಲಾಂಗ್ ಹೋಗಬಹುದಾ?

ಗ್ಯಾರೇಜ್ ಅಣ್ಣ: ಲಾಂಗ್ ಹೋಗೋದೇ ಮದ್ದು. ಹೆದ್ದಾರಿಯಲ್ಲಿ 60ರ ಮೇಲೆ, ಒಂದು ಗೇರ್ ಕಡಿಮೆ ಇಟ್ಟು ಇಂಜಿನ್ 2,000 ಆರ್‌ಪಿಎಂಗಿಂತ ಮೇಲಿರೋ ಹಾಗೆ 20–30 ನಿಮಿಷ ನಿಲ್ಲಿಸದೆ ಓಡಿಸಿ, ಮಸಿ ಸುಟ್ಟು ಲೈಟ್ ಆರುತ್ತೆ. ಲೈಟ್ ಮಿನುಗ್ತಿದ್ರೆ ಅಥವಾ ಇಂಜಿನ್ ಲೈಟೂ ಬಂದಿದ್ರೆ ಓಡಿಸಬೇಡಿ, ಸರ್ವಿಸ್ ಸೆಂಟರ್.

ನ್ಯೂಟ್ರಲ್ ವಿಷಯ ಒಂದೇ ಸಲ ಹೇಳ್ತೀನಿ. ಇಂಜೆಕ್ಷನ್ ಗಾಡಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಇಂಧನ ಪೂರ್ತಿ ನಿಲ್ಲಿಸುತ್ತೆ. ಚಕ್ರವೇ ಇಂಜಿನ್ ತಿರುಗಿಸ್ತಿರುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಇಂಜಿನ್ ಆರದಿರಲಿ ಅಂತ ಮತ್ತೆ ಕುಡಿಯೋಕೆ ಶುರು. ಘಾಟಿಯಲ್ಲಿ ಉಳಿಯೋದು ಗೇರಲ್ಲಿ ಇಳಿದವರಿಗೆ.

ಲೋಡ್ ಲಾರಿ: ಹಳೇ ಪಂಪ್ ಗಾಡಿಗೆ?

ಗ್ಯಾರೇಜ್ ಅಣ್ಣ: ಹಳೇ ಪಂಪಲ್ಲೂ ಗವರ್ನರ್ (ಇಂಧನ ಅಳೆದು ಬಿಡೋ ಭಾಗ) ಅದನ್ನೇ ಮಾಡುತ್ತೆ. ಇನ್ನು ಇಂಜಿನ್ ಆಫ್ ಮಾಡಿ ಇಳಿಸ್ತೀವಿ ಅನ್ನೋರಿಗೆ ಉತ್ತರ ಕೊಡಲ್ಲ.

ಮಂಡ್ಯ ಮೈಲೇಜ್: ಸರ್ ಟೈರ್‌ಗೆ ನೈಟ್ರೋಜನ್ ಹಾಕಿಸ್ಲಾ? ಪ್ರೆಶರ್ ಎಷ್ಟು?

ಗ್ಯಾರೇಜ್ ಅಣ್ಣ: ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ದುಡ್ಡು ಹೆಚ್ಚಿದ್ರೆ ಹಾಕಿಸಿ. ಪ್ರೆಶರ್: ಸ್ಟಿಕರ್.

ಹಳೇ ಬುಲೆಟ್: 2008ರ ಕಾರ್ಬುರೇಟರ್ ಬುಲೆಟ್. ಮೇಲೆ ಹತ್ತಿದ ಹಾಗೆ ಕಪ್ಪು ಹೊಗೆ ಬರುತ್ತೆ, ಏರ್ ಫಿಲ್ಟರ್ ತೆಗೆದುಹಾಕಿ ಓಡಿಸಿ ಅಂತಾರೆ.

ಗ್ಯಾರೇಜ್ ಅಣ್ಣ: ಗಾಳಿ ತೆಳುವಾಗುತ್ತೆ, ಕಾರ್ಬುರೇಟರ್‌ನ ಜೆಟ್ (ಪೆಟ್ರೋಲ್ ಬಿಡೋ ಸಣ್ಣ ತೂತು) ಪೆಟ್ರೋಲ್ ಅಷ್ಟೇ ಬಿಡುತ್ತೆ, ಮಿಶ್ರಣ ರಿಚ್ ಆಗುತ್ತೆ, ಅಂದ್ರೆ ಪೆಟ್ರೋಲ್ ಹೆಚ್ಚು. ಏರ್ ಸ್ಕ್ರೂ ಕಾಲು ಸುತ್ತು ಕಾಲು ಸುತ್ತು ತಿರುಗಿಸಿ ಲೀನ್ (ಪೆಟ್ರೋಲ್ ಕಡಿಮೆ) ಮಾಡಿ, ಐಡಲಿಂಗ್ ಸ್ವಲ್ಪ ಏರಿಸಿ, ಫಿಲ್ಟರ್ ಹೊಸದು ಹಾಕಿ. ತಿಂಗಳುಗಟ್ಟಲೆ ಅಲ್ಲೇ ಇರೋರಾದ್ರೆ ಒಂದು ನಂಬರ್ ಚಿಕ್ಕ ಮೇನ್ ಜೆಟ್. ಇಳಿದ ಮೇಲೆ ಎಲ್ಲ ವಾಪಸ್, ಇಲ್ದಿದ್ರೆ ಬಯಲಲ್ಲಿ ಇಂಜಿನ್ ಕಾಯುತ್ತೆ. ಫಿಲ್ಟರ್ ತೆಗೆದು ಲಡಾಖ್ ಧೂಳು ಕುಡಿಸಿದ್ರೆ ಪಿಸ್ಟನ್ ರಿಂಗ್, ಬೋರ್ ಎರಡೂ ಹೋಗುತ್ತೆ.

ಭೂತಾನ್ ಕನಸು: ಅಣ್ಣ, ಕೆಎ ಗಾಡಿ ಭೂತಾನ್ ಒಳಗೆ ಒಯ್ಯೋಕೆ ಪರ್ಮಿಟ್ ಎಲ್ಲಿ ಮಾಡಿಸೋದು?

ಸೀನಿಯರ್ ರೈಡರ್: ಅನುಭವಿಗಳ ಮಾತು: 1) ಲೇಹ್‌ಗೆ ಹೋಗುವಾಗ ಡೀಸೆಲ್‌ಗೆ 20% ಸೀಮೆಎಣ್ಣೆ ಬೆರೆಸಿ, ಹೆಪ್ಪುಗಟ್ಟಲ್ಲ. 2) ರೇಡಿಯೇಟರ್ ಸೋರಿದ್ರೆ ಅರಿಶಿನ ಪುಡಿ. 3) ಪೆಟ್ರೋಲ್‌ಗೆ ಕರ್ಪೂರ ಹಾಕಿದ್ರೆ ಮೈಲೇಜ್, ಮೂಸಿದ್ರೆ ಆಕ್ಸಿಜನ್ ಏರುತ್ತೆ.

ಗ್ಯಾರೇಜ್ ಅಣ್ಣ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲ ಸಾಲಲ್ಲೇ ಬರೆದಿದ್ದಾರೆ. ಈಗಿನ ಡೀಸೆಲ್ ಗಾಡಿಯ ಕಾಮನ್ ರೈಲ್ ಪಂಪ್‌ಗೆ ಡೀಸೆಲ್ಲೇ ಗ್ರೀಸ್. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಪಂಪ್ ತೇದು ಲೋಹದ ಪುಡಿ ನಾಲ್ಕೂ ಇಂಜೆಕ್ಟರ್‌ಗೆ ಹೋದ್ರೆ ಪ್ರವಾಸದ ಖರ್ಚಿಗಿಂತ ಬಿಲ್ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಪ್ಪುಗಟ್ಟೋ ಚಳಿ ಅಲ್ಲಿರಲ್ಲ. ಚಳಿಗಾಲಕ್ಕಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ಬೇರೆ ಡೀಸೆಲ್ ತಂದಿದೆ, ಮೈನಸ್ 33ರಲ್ಲೂ ಹರಿಯುತ್ತೆ. ಅರಿಶಿನ ರೇಡಿಯೇಟರ್ ತೂತು ಮುಚ್ಚೋ ಮುಂಚೆ ಹೀಟರ್ ಕೋರ್, ಥರ್ಮೋಸ್ಟಾಟ್ ಮುಚ್ಚುತ್ತೆ. ಕರ್ಪೂರ ಮೂಗಿಗೂ ಬೇಡ, ಟ್ಯಾಂಕಿಗೂ ಬೇಡ, ಮಂಗಳಾರತಿಗೆ ಇಟ್ಕೊಳ್ಳಿ. ಉಸಿರಾಟದ ವಿಷಯ ಡಾಕ್ಟರನ್ನ ಕೇಳಿ.

ಸೀನಿಯರ್ ರೈಡರ್: ಹಿರಿಯರಿಗೆ ಹೀಗಾ ಮಾತಾಡೋದು? ಹಂಚಿಕೊಂಡಿದ್ದೇ ತಪ್ಪಾಯ್ತು.

ಹುಬ್ಬಳ್ಳಿ ಸವಾರ: ಹಿರಿಯಾರ, ಸಿಟ್ಟಾಗಬ್ಯಾಡ್ರಿ. ಆದರ ಪೆಟ್ರೋಲ್ ಟ್ಯಾಂಕ್ ಸೋರಿದ್ರ ಸೋಪ್ ಹಚ್ಚೂದು ಖರೇ ಐತಿಲ್ರಿ ಅಣ್ಣಾರ?

ಗ್ಯಾರೇಜ್ ಅಣ್ಣ: ಅದೊಂದು ನಿಜ. ಒಣ ಸೋಪು ಬಿರುಕಿಗೆ ಉಜ್ಜಿ, ಪೆಟ್ರೋಲ್‌ಗೆ ಸೋಪು ಕರಗಲ್ಲ. ಮುಂದಿನ ಊರಿನವರೆಗೆ ಮಾತ್ರ, ನೀರು ತಾಗಿಸಬೇಡಿ.

ಲೋಡ್ ಲಾರಿ: ನೋಡಿ, ಹಳೇ ಕಾಲದ್ದೆಲ್ಲ ಸುಳ್ಳಲ್ಲ. ಅವರಿಗೆ ಒಂದು ನ್ಯಾಯ, ನನ್ನ ನ್ಯೂಟ್ರಲ್‌ಗೆ ಒಂದು ನ್ಯಾಯ.

ಕುಡ್ಲ ಕ್ರೂಸರ್: ಇನ್ನೂ ಮುಗಿಯಲಿಲ್ವಾ ನಿಮ್ಮದು?

ಅಡ್ಮಿನ್: ನ್ಯೂಟ್ರಲ್ ಬಗ್ಗೆ ಇನ್ನೊಂದು ಕಾಮೆಂಟ್ ಬಂದ್ರೆ ತೆಗೀತೀನಿ. ಇಬ್ಬರದ್ದೂ.

ಪಾರ್ಸೆಲ್ ಪ್ರಯಾಣ: ಬೈಕ್ ರೈಲಲ್ಲಿ ಚಂಡೀಗಢಕ್ಕೆ ಕಳಿಸಿದ್ರೆ ಎಷ್ಟು ದಿನ? ಯಾರಾದ್ರೂ ಹೇಳಿ ಪ್ಲೀಸ್, ಎರಡನೇ ಸಲ ಕೇಳ್ತಿರೋದು.

ಉಜಿರೆ ಡೀಸೆಲ್ (ಮರುದಿನ ಸಂಜೆ): ಅಣ್ಣ, ಹಿಂದಿನ ಎಡಗಡೆ ವೀಲ್ ಸಿಲಿಂಡರ್ ಸೋರುತ್ತಿತ್ತು, ಬ್ರೇಕ್ ಶೂ ಪೂರ್ತಿ ಒದ್ದೆ. ಮುಂದೆ ಒಂದು ಪಿನ್ ಜಾಮ್. ಶೂ ಪೆಟ್ರೋಲಲ್ಲಿ ತೊಳೆದು ಮರಳು ಕಾಗದ ಉಜ್ಜಿ ಹಾಕ್ತೇನೆ ಅಂತಾರೆ ಇಲ್ಲಿಯವರು.

ಗ್ಯಾರೇಜ್ ಅಣ್ಣ: ಬೇಡ. ಶೂ ಒಳಗೆ ಹೀರಿದ ಆಯಿಲ್ ತೊಳೆದ್ರೆ ಹೋಗಲ್ಲ, ಕಾದಾಗ ಮತ್ತೆ ಮೇಲೆ ಬರುತ್ತೆ. ಎರಡೂ ಕಡೆ ಶೂ ಹೊಸದು, ಎರಡೂ ಕಡೆ ವೀಲ್ ಸಿಲಿಂಡರ್ ಹೊಸದು. ಒಂದೇ ಕಡೆ ಬದಲಿಸಿದ್ರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತೆ. ಹೊಸ ಪ್ಯಾಡ್ ಹಾಕಿದ್ರೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಬಿಸಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ. ಎರಡು ದಿನ ಊರಲ್ಲೇ ಓಡಿಸಿ ಡಬ್ಬಿ ಮಟ್ಟ ನೋಡಿ. ಕೂದಲೆಳೆಯಷ್ಟು ಇಳಿದ್ರೂ ಆದಿತ್ಯವಾರ ಹೊರಡೋದು ಬೇಡ. ಕ್ಯಾರಿಯರ್ ಲಗೇಜ್ ಅರ್ಧ ಮಾಡಿ.

ಉಜಿರೆ ಡೀಸೆಲ್: ಆಯ್ತು ಅಣ್ಣ. ಹೊರಡುವುದನ್ನು ಬುಧವಾರಕ್ಕೆ ಹಾಕಿದೆವು.

ಮಂಡ್ಯ ಮೈಲೇಜ್: ಸರ್, ಸ್ಟಿಕರ್ ಹರಿದುಹೋಗಿದೆ.

ಗ್ಯಾರೇಜ್ ಅಣ್ಣ: ಪೆಟ್ರೋಲ್ ಮುಚ್ಚಳದ ಒಳಗೆ ನೋಡಿ. ಅಲ್ಲೂ ಇಲ್ದಿದ್ರೆ ಮ್ಯಾನುಯಲ್.